ಕೊರಿಯಾದಲ್ಲೊಂದು ಬೇಸಿಗೆ: ಸಮ್ಮರ್ ಸ್ಕೂಲೋ, ಭಾಷಾ ಶಾಲೆಯೋ? ಸಿಯೋಲೋ, ಬುಸಾನೋ?

ನಮ್ಮ ಚಿಕ್ಕಮ್ಮನ ಮಗಳು ಮೈಸೂರಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಕೊರಿಯನ್ ಧಾರಾವಾಹಿ ನೋಡಿ ನೋಡಿ ಈಗ ಭಾಷೆಯನ್ನೇ ಕಲಿಯಬೇಕು ಅನ್ನುವ ಹಂತಕ್ಕೆ ಬಂದಿದ್ದಾಳೆ. ಮೊನ್ನೆ ಫೋನ್ ಮಾಡಿ, "ಅಕ್ಕಾ, ನೀನು ಎರಡು ಸಲ ಹೋಗಿ ಬಂದಿದ್ದೀಯಲ್ಲ, ಯಾವ ಯೂನಿವರ್ಸಿಟಿ ಒಳ್ಳೇದು ಹೇಳು" ಅಂದಳು. ನಾನು ಕೇಳಿದೆ, "ಮಧ್ಯಾಹ್ನ ಒಂದು ಗಂಟೆಗೆ ಕ್ಲಾಸ್ ಬಿಟ್ಟ ಮೇಲೆ ನೀನು ಯಾರ ಜೊತೆ ಇರಬೇಕು ಅಂತಿದ್ದೀಯ?" ಅವಳು ಸುಮ್ಮನಾದಳು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಹೀಗೇ ಕೇಳುವವರು ಇನ್ನೂ ಇದ್ದಾರೆ.

ಮೊದಲ ಸಲ ನಾನು ಹೋಗಿದ್ದು ನಾಲ್ಕು ವಾರದ ಸಮ್ಮರ್ ಸ್ಕೂಲಿಗೆ. ಎರಡನೇ ಸಲ ಹತ್ತು ವಾರದ ಭಾಷಾ ಶಾಲೆಗೆ. ಎರಡೂ ಸಿಯೋಲ್‌ನಲ್ಲೇ, ಎರಡೂ ಬೇಸಿಗೆಯಲ್ಲೇ. ಆದರೆ ಒಂದೇ ದೇಶಕ್ಕೆ ಹೋಗಿ ಬಂದೆ ಅಂತ ಅನಿಸಲೇ ಇಲ್ಲ, ಅಷ್ಟು ಬೇರೆ ಬೇರೆ.

ಮೊದಲು ಕ್ಯಾಲೆಂಡರ್ ನೋಡಿ

ಅವರ ಬೇಸಿಗೆ ಅಂದರೆ ನಮ್ಮ ಮಳೆಗಾಲ. ನಮ್ಮಲ್ಲಿ ಏಪ್ರಿಲ್, ಮೇ ರಜೆ. ಅಲ್ಲಿನ ಸಮ್ಮರ್ ಸ್ಕೂಲ್‌ಗಳು ಶುರುವಾಗುವುದೇ ಜೂನ್ ಕೊನೆಗೆ, ಮುಗಿಯುವುದು ಜುಲೈ ಕೊನೆ ಅಥವಾ ಆಗಸ್ಟ್ ಮೊದಲಿಗೆ. ಅಷ್ಟರಲ್ಲಿ ಇಲ್ಲಿ ಕಾಲೇಜು ಶುರುವಾಗಿರುತ್ತದೆ, ಇಲ್ಲವೇ ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿರುತ್ತದೆ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನುವ ಭಯ ಬೇರೆ. ಹಾಗಾಗಿ "ಆರು ವಾರ" ಅಂತ ಬ್ರೋಶರ್‌ನಲ್ಲಿ ಓದಿ ಖುಷಿಪಡುವ ಮುಂಚೆ, ನಿಮ್ಮ ಕಾಲೇಜಿನ ವೇಳಾಪಟ್ಟಿ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ತುಂಬಾ ಜನರಿಗೆ ಆಯ್ಕೆ ಅಲ್ಲೇ ಅರ್ಧ ಮುಗಿದುಹೋಗುತ್ತದೆ. ಡಿಗ್ರಿ ಓದುತ್ತಿರುವವರಿಗೆ ಮೂರು ನಾಲ್ಕು ವಾರದ ಕೋರ್ಸ್ ಮಾತ್ರ ಹೊಂದುತ್ತದೆ. ಹತ್ತು ವಾರ ಹೋಗಬಲ್ಲವರು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವ ಮುಂಚೆ ಬಿಡುವಿರುವವರು. ಅಥವಾ ಕೆಲಸ ಬಿಟ್ಟು ಇನ್ನೊಂದನ್ನು ಹುಡುಕುವ ಮಧ್ಯೆ ಇರುವವರು. ನಾನು ಎರಡನೇ ಸಲ ಹೋಗಿದ್ದು ಹಾಗೇ.

ಸಮ್ಮರ್ ಸ್ಕೂಲ್ ಅಂದರೆ ಏನು

ಯೊನ್ಸೆ, ಕೊರಿಯಾ ವಿಶ್ವವಿದ್ಯಾಲಯ, ಇಹ್ವಾ, ಹನ್‌ಯಾಂಗ್, ಸುಂಗ್‌ಕ್ಯುನ್‌ಕ್ವಾನ್, ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ, ಇವೆಲ್ಲ ವಿದೇಶಿ ವಿದ್ಯಾರ್ಥಿಗಳಿಗಾಗಿ ಬೇಸಿಗೆಯಲ್ಲಿ ಕ್ಲಾಸ್ ನಡೆಸುತ್ತವೆ. ಯೊನ್ಸೆಯದು 1985ರಿಂದ ನಡೆದುಕೊಂಡು ಬಂದಿದೆ. ಪಾಠ ಬಹುತೇಕ ಇಂಗ್ಲಿಷ್‌ನಲ್ಲೇ. ಕೊರಿಯಾದ ಇತಿಹಾಸ, ಸಿನಿಮಾ, ಉತ್ತರ ದಕ್ಷಿಣ ಕೊರಿಯಾಗಳ ರಾಜಕೀಯ, ವ್ಯಾಪಾರ, ಅರ್ಥಶಾಸ್ತ್ರ, ಹೀಗೆ ಹತ್ತಾರು ವಿಷಯಗಳಲ್ಲಿ ಎರಡು ಮೂರು ಆರಿಸಿಕೊಳ್ಳಬಹುದು. ಅದರಲ್ಲಿ ಕೊರಿಯನ್ ಭಾಷೆಯೂ ಒಂದು ವಿಷಯ. ಸಾಮಾನ್ಯವಾಗಿ ಒಂದು ವಿಷಯಕ್ಕೆ 3 ಕ್ರೆಡಿಟ್. ನಿಮ್ಮ ಕಾಲೇಜು ಒಪ್ಪಿದರೆ ಆ ಕ್ರೆಡಿಟ್ ಇಲ್ಲಿಗೂ ಸೇರುತ್ತದೆ. ಒಪ್ಪುತ್ತದೋ ಇಲ್ಲವೋ ಅನ್ನುವುದನ್ನು ಹೋಗುವ ಮುಂಚೆಯೇ ಬರಹದಲ್ಲಿ ತೆಗೆದುಕೊಳ್ಳಿ. ಬಂದ ಮೇಲೆ ಕೇಳಿದರೆ ಓಡಾಟ ಜಾಸ್ತಿ.

ಇಲ್ಲಿ ನಿಮ್ಮ ಮಧ್ಯಾಹ್ನ ಹೇಗಿರುತ್ತದೆ? ಕ್ಯಾಂಟೀನಿನಲ್ಲಿ ನಿಮ್ಮ ಪಕ್ಕ ಕೂರುವವರು ಅಮೆರಿಕದಿಂದ, ಸಿಂಗಾಪುರದಿಂದ, ಹಾಂಗ್‌ಕಾಂಗ್‌ನಿಂದ ಬಂದವರು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕೊರಿಯನ್ ಮಕ್ಕಳೂ ತುಂಬಾ ಜನ ಇರುತ್ತಾರೆ. ಎಲ್ಲರೂ ಮಾತಾಡುವುದು ಇಂಗ್ಲಿಷ್. ಶನಿವಾರ ಎಲ್ಲರೂ ಬಸ್ ಹತ್ತಿ ಉತ್ತರ ಕೊರಿಯಾದ ಗಡಿ ನೋಡಲು ಹೋಗುತ್ತೀರಿ. ಜುಲೈನಲ್ಲಿ ಬೊರ್ಯೊಂಗ್‌ನ ಕೆಸರಿನ ಹಬ್ಬ ಇರುತ್ತದೆ. 1998ರಲ್ಲಿ ಶುರುವಾದ ಹಬ್ಬ ಅದು, ಸಮುದ್ರದ ದಂಡೆಯಲ್ಲಿ ಮೈತುಂಬಾ ಕೆಸರು ಬಳಿದುಕೊಂಡು ಕುಣಿಯುತ್ತಾರೆ. ಅಲ್ಲಿಗೂ ಹೋಗುತ್ತೀರಿ. ಟೇಕ್ವಾಂಡೊ ಒಂದು ದಿನ, ಕೆ-ಪಾಪ್ ಡ್ಯಾನ್ಸ್ ಒಂದು ದಿನ. ನಾಲ್ಕು ವಾರ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತದೆ. ಆಗ ಆದ ಗೆಳೆತನ ನನಗೆ ಇವತ್ತಿಗೂ ಉಳಿದಿದೆ, ಅದರಲ್ಲಿ ಸುಳ್ಳಿಲ್ಲ.

ಆದರೆ ಭಾಷೆ? ನಾಲ್ಕನೇ ವಾರದ ಕೊನೆಗೆ ನಾನು ಕೊರಿಯನ್‌ನಲ್ಲಿ ಧೈರ್ಯವಾಗಿ ಹೇಳುತ್ತಿದ್ದದ್ದು ಕಾಫಿ ಬೇಕು, ಬಿಲ್ ಕೊಡಿ, ಧನ್ಯವಾದ, ಇಷ್ಟೇ. ಕಲಿಸುವವರದು ತಪ್ಪಿಲ್ಲ. ಕ್ಲಾಸಿನ ಹೊರಗೆ ನನಗೆ ಕೊರಿಯನ್ ಬೇಕಾಗುತ್ತಲೇ ಇರಲಿಲ್ಲ. ಜೊತೆಗೆ ಅಂತ ಕೊಡುವ ಕೊರಿಯನ್ ವಿದ್ಯಾರ್ಥಿಗಳು ಸಹ ನಮ್ಮ ಜೊತೆ ಇಂಗ್ಲಿಷ್ ಅಭ್ಯಾಸ ಮಾಡಲು ಆಸೆಪಟ್ಟು ಬಂದವರು.

ಒಹಾಕ್‌ತಾಂಗ್: ಭಾಷೆಗೇ ಮೀಸಲಾದ ಶಾಲೆ

ವಿಶ್ವವಿದ್ಯಾಲಯದ ಆವರಣದಲ್ಲೇ ಇರುವ ಭಾಷಾ ಶಾಲೆಗೆ ಅಲ್ಲಿ ಒಹಾಕ್‌ತಾಂಗ್ ಅನ್ನುತ್ತಾರೆ. ಯೊನ್ಸೆಯ ಒಹಾಕ್‌ತಾಂಗ್ 1959ರದು. ಒಂದು ಟರ್ಮ್ ಅಂದರೆ 10 ವಾರ, ವಾರಕ್ಕೆ 5 ದಿನ, ದಿನಕ್ಕೆ 4 ಗಂಟೆ, ಒಟ್ಟು 200 ಗಂಟೆ. ಬೆಳಗ್ಗೆ 9ಕ್ಕೆ ಶುರು, ಮಧ್ಯಾಹ್ನ 1ಕ್ಕೆ ಬಿಡುಗಡೆ. ಒಟ್ಟು ಆರು ಹಂತ, ಹೋದ ಕೂಡಲೇ ಪರೀಕ್ಷೆ ಮಾಡಿ ಯಾವ ಹಂತ ಅಂತ ಹೇಳುತ್ತಾರೆ. ಹತ್ತು ವಾರ ಆಗದವರಿಗೆ ಬೇಸಿಗೆಯಲ್ಲಿ ಮೂರರಿಂದ ಐದು ವಾರದ ಚಿಕ್ಕ ಕೋರ್ಸ್‌ಗಳನ್ನೂ ಹಲವು ಶಾಲೆಗಳು ಇಡುತ್ತವೆ.

ಪಾಠ ಮೊದಲ ದಿನದಿಂದಲೇ ಕೊರಿಯನ್‌ನಲ್ಲಿ. ನಿಮ್ಮ ಪಕ್ಕದ ಬೆಂಚಿನಲ್ಲಿ ವಿಯೆಟ್ನಾಂನವರು, ಜಪಾನಿನವರು, ಮಂಗೋಲಿಯಾದವರು. ಇಂಗ್ಲಿಷ್ ಎಲ್ಲರಿಗೂ ಬರುವುದಿಲ್ಲ. ನಮಗೆ ಅನುಕೂಲವಾಗಿದ್ದೇ ಅದು. ನನ್ನ ಕ್ಲಾಸಿನ ಮಂಗೋಲಿಯಾದ ಹುಡುಗಿಗೂ ನನಗೂ ನಡುವೆ ಇದ್ದ ಒಂದೇ ಭಾಷೆ ಅಂದರೆ ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ಕೊರಿಯನ್. ಒಂದು ಗಂಟೆಗೆ ಕ್ಲಾಸ್ ಬಿಟ್ಟ ಮೇಲೆ ಏನು ತಿನ್ನೋಣ, ಎಲ್ಲಿ ಹೋಗೋಣ, ನಿಮ್ಮಮ್ಮ ಏನು ಮಾಡುತ್ತಾರೆ, ಎಲ್ಲವನ್ನೂ ಅದರಲ್ಲೇ ಮಾತಾಡಬೇಕು. ಮಾತಾಡಿದೆವು.

ಶಾಲೆ ಶಾಲೆಗೆ ವ್ಯತ್ಯಾಸ ಇದೆ. ಸೊಗಾಂಗ್ ವಿಶ್ವವಿದ್ಯಾಲಯದ ಶಾಲೆ ಮಾತಿಗೆ ಒತ್ತು ಕೊಡುತ್ತದೆ ಅಂತ ಹೆಸರು. ಯೊನ್ಸೆಯಲ್ಲಿ ವ್ಯಾಕರಣ, ಬರವಣಿಗೆ, ಹೋಂವರ್ಕ್ ಬಿಗಿ ಅನ್ನುತ್ತಾರೆ. ಮುಂದೆ ಅಲ್ಲೇ ಡಿಗ್ರಿ ಓದುವ ಆಲೋಚನೆ ಇದ್ದರೆ ಆ ಬಿಗಿ ಒಳ್ಳೆಯದೇ. ಯೊನ್ಸೆ, ಇಹ್ವಾ, ಸೊಗಾಂಗ್ ಮೂರೂ ಸಿಯೋಲ್‌ನ ಸಿಂಚೋನ್ ಬಡಾವಣೆಯ ಸುತ್ತಮುತ್ತಲೇ ಇವೆ, ನಡೆದುಕೊಂಡೇ ಓಡಾಡಬಹುದು. ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ಗುಡ್ಡದ ಬುಡದಲ್ಲಿದೆ. ಮೆಟ್ರೊ ನಿಲ್ದಾಣಕ್ಕೆ ಅದರದೇ ಹೆಸರಿದ್ದರೂ ಅಲ್ಲಿಂದ ಮತ್ತೆ ಬಸ್ ಹತ್ತಬೇಕು.

ಖರ್ಚಿನ ವಿಷಯ. ಸಿಯೋಲ್‌ನ ದೊಡ್ಡ ಒಹಾಕ್‌ತಾಂಗ್‌ಗಳಲ್ಲಿ 10 ವಾರದ ಫೀಸ್ ಸುಮಾರು 17ರಿಂದ 20 ಲಕ್ಷ ವಾನ್ (ಕೊರಿಯಾದ ದುಡ್ಡು). ಸಾವಿರ ವಾನ್‌ಗೆ ಅಂದಾಜು 60 ರೂಪಾಯಿ ಹಿಡಿದರೆ ಒಂದು ಲಕ್ಷ ರೂಪಾಯಿಗಿಂತ ಸ್ವಲ್ಪ ಮೇಲೆ. ಸಮ್ಮರ್ ಸ್ಕೂಲ್ ವಾರದ ಲೆಕ್ಕದಲ್ಲಿ ಇದಕ್ಕಿಂತ ದುಬಾರಿ ಬೀಳುತ್ತದೆ. ಆದರೆ ನಿಮ್ಮ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇದ್ದರೆ ಫೀಸಿನಲ್ಲಿ ರಿಯಾಯಿತಿ ಸಿಗಬಹುದು, ಕೆಲವೊಮ್ಮೆ ಪೂರ್ತಿ ಮಾಫಿಯೂ ಆಗಬಹುದು. ಕಾಲೇಜಿನ ವಿದೇಶಿ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ಕೇಳದೆ ಬಿಟ್ಟವರು ತುಂಬಾ ಜನ.

ಕನ್ನಡ ಬಲ್ಲವರಿಗೆ ಇರುವ ಅನುಕೂಲ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾಷಾ ಶಾಲೆ ಕಷ್ಟ ಅಂತ ಹೆದರಿ ಸಮ್ಮರ್ ಸ್ಕೂಲ್ ಆರಿಸಿಕೊಳ್ಳುವವರನ್ನು ನೋಡಿದ್ದೇನೆ. ನಮಗೆ ಅಷ್ಟು ಹೆದರಿಕೆ ಬೇಕಿಲ್ಲ.

ಕೊರಿಯನ್ ವಾಕ್ಯದಲ್ಲಿ ಪದಗಳು ಬರುವ ಸಾಲು ಕನ್ನಡದ ಸಾಲೇ. "ಜೊನುನ್ ಪಾಬುಲ್ ಮೊಗೊಸ್ಸೊಯೊ": ನಾನು, ಅನ್ನವನ್ನು, ತಿಂದೆ. ನಾಮಪದಕ್ಕೆ ವಿಭಕ್ತಿಯಂತೆ ಬಾಲ ಹತ್ತುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಬೆಟ್ಟ. ನಮಗೆ ನಮ್ಮ ಮನೆಯ ಅಂಗಳ.

ಇನ್ನೂ ಚೆಂದದ್ದು ಜೋಡಿ ಕ್ರಿಯಾಪದ. ಕೊರಿಯನ್‌ನಲ್ಲಿ "ಮೊಗೊ ಬೊಸೆಯೊ" ಅಂದರೆ ಅಕ್ಷರಶಃ "ತಿಂದು ನೋಡಿ". "ಹೆ ಜುಸೆಯೊ" ಅಂದರೆ "ಮಾಡಿ ಕೊಡಿ". "ಕಾ ಬೊರ್ಯೊಸ್ಸೊಯೊ" ಅಂದರೆ "ಹೋಗಿಬಿಟ್ಟ". ನೋಡು, ಕೊಡು, ಬಿಡು, ಮೂರೂ ನಮ್ಮಲ್ಲಿ ಮಾಡುವ ಕೆಲಸವನ್ನೇ ಅಲ್ಲೂ ಮಾಡುತ್ತವೆ. ಟೀಚರ್ "ಬೊರಿದಾ" (ಅಕ್ಷರಶಃ "ಬಿಸಾಡು") ಪಾಠ ಮಾಡಿದ ದಿನ ಕ್ಲಾಸಿನಲ್ಲಿ ಕೆಲವರು ತಲೆ ಹಿಡಿದುಕೊಂಡು ಕೂತಿದ್ದರು. ಕೆಲಸ ಮುಗಿದಿದ್ದನ್ನು ಹೇಳಲು ಬಿಸಾಡುವ ಪದ ಯಾಕೆ ಬೇಕು ಅಂತ ಅವರ ಗೊಂದಲ. ನಾನು ಪುಸ್ತಕದ ಅಂಚಿನಲ್ಲಿ "ಬಿಟ್ಟ" ಅಂತ ಒಂದೇ ಪದ ಬರೆದುಕೊಂಡೆ. ಪಾಠ ಮುಗಿಯಿತು. ಅವತ್ತಿನಿಂದ ನೋಟ್ಸ್ ಎಲ್ಲ ಕನ್ನಡದಲ್ಲೇ ಬರೆದೆ. ನೀವೂ ಹಾಗೇ ಮಾಡಿ. ಇಂಗ್ಲಿಷ್ ಮೂಲಕ ಕೊರಿಯನ್ ಕಲಿಯುವುದು ಅಂದರೆ ಮೈಸೂರಿನಿಂದ ಮಂಡ್ಯಕ್ಕೆ ಹುಬ್ಬಳ್ಳಿ ಮೇಲೆ ಹೋದ ಹಾಗೆ.

ಶಾಲೆಯಲ್ಲಿ ಕಲಿತ ಅನುನಾಸಿಕ ಸಂಧಿ ನೆನಪಿದೆಯಾ? ವಾಕ್ + ಮಯ = ವಾಙ್ಮಯ. ಕೊರಿಯನ್‌ನಲ್ಲಿ ಊಟದ ಸಾರು ಅಂದರೆ "ಗುಕ್", ನೀರು ಅಂದರೆ "ಮುಲ್". ಎರಡೂ ಸೇರಿ ಬರೆಯುವುದು ಗುಕ್‌ಮುಲ್, ಹೇಳುವುದು ಗುಂಗ್‌ಮುಲ್. ಅದೇ ಸಂಧಿ. ಅಂಕಿಗಳೂ ಎರಡು ಸೆಟ್. ಗಂಟೆ ಹೇಳುವಾಗ ಅಚ್ಚ ಕೊರಿಯನ್ ಅಂಕಿ, ನಿಮಿಷಕ್ಕೆ ಮತ್ತು ದುಡ್ಡಿಗೆ ಚೀನೀ ಮೂಲದ ಅಂಕಿ. ಎರಡನೇ ಕ್ಲಾಸು ಅಂತಲೂ ದ್ವಿತೀಯ ಪಿಯುಸಿ ಅಂತಲೂ ತಡವರಿಸದೆ ಹೇಳುವ ನಮಗೆ ಈ ಅಭ್ಯಾಸ ಮೊದಲೇ ಇದೆ, ಅಲ್ವಾ?

ಕಷ್ಟದ ಜಾಗವೂ ಇದೆ. "ದಾಲ್" ಅಂದರೆ ಚಂದ್ರ, "ತ್ತಾಲ್" ಅಂದರೆ ಮಗಳು, "ಥಾಲ್" ಅಂದರೆ ಮುಖವಾಡ. ಕನ್ನಡ ಲಿಪಿಯಲ್ಲಿ ಹೀಗೆ ಬರೆದರೂ ನಿಜವಾದ ಉಚ್ಚಾರ ಇದಕ್ಕೆ ಹತ್ತಿರ ಅಷ್ಟೇ. ನಮ್ಮ ಟೀಚರ್ ಒಂದು ತೆಳು ಟಿಶ್ಯೂ ಕಾಗದ ತೆಗೆದು ಒಬ್ಬೊಬ್ಬರ ತುಟಿ ಮುಂದೆ ಹಿಡಿದರು. "ಥಾಲ್" ಅಂದಾಗ ಕಾಗದ ಹಾರಬೇಕು, "ತ್ತಾಲ್" ಅಂದಾಗ ಅಲ್ಲಾಡಬಾರದು. ಮಹಾಪ್ರಾಣವನ್ನು ಪುಸ್ತಕದಲ್ಲಿ ಬರೆದು ಬಾಯಲ್ಲಿ ಬಿಟ್ಟುಬಿಡುವ ಅಭ್ಯಾಸ ನನಗೆ. ಒಂದು ವಾರ ಹಾಸ್ಟೆಲ್ ಕನ್ನಡಿ ಮುಂದೆ ಕಾಗದ ಹಿಡಿದು ನಿಂತಿದ್ದೇನೆ.

ಅಕ್ಷರ ಮಾತ್ರ ಇಲ್ಲೇ ಕಲಿತು ಹೋಗಿ. ಸೆಜೊಂಗ್ ಮಹಾರಾಜ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಕೈಗಿತ್ತ ಹಂಗುಲ್ ಲಿಪಿಯಲ್ಲಿ ಈಗ ಬಳಸುವ ಮೂಲ ಅಕ್ಷರ 24 ಅಷ್ಟೇ. 14 ವ್ಯಂಜನ, 10 ಸ್ವರ. ಒಂದು ಎಚ್ಚರಿಕೆ: ಅಲ್ಲೂ ಅಕ್ಷರದ ಕೆಳಗೆ ಇನ್ನೊಂದು ವ್ಯಂಜನ ಕೂರುತ್ತದೆ. ನಮ್ಮ ಕಣ್ಣು ಅದನ್ನು ಒತ್ತಕ್ಷರ ಅಂತ ಓದಿಬಿಡುತ್ತದೆ. "ಹ" ಕೆಳಗೆ "ನ್" ಬಂದರೆ ನಾವು "ಹ್ನ" ಅನ್ನುತ್ತೇವೆ, ಅವರು "ಹನ್" ಅನ್ನುತ್ತಾರೆ. ಸ್ವರ ಮೊದಲು, ಕೆಳಗಿನ ವ್ಯಂಜನ ಆಮೇಲೆ. ಇಷ್ಟು ತಲೆಗೆ ಹತ್ತಿದರೆ ಬೋರ್ಡುಗಳು ಓದಲು ಬರುತ್ತವೆ. ಮೂರು ವಾರದ ಕೋರ್ಸಿನಲ್ಲಿ ಒಂದು ವಾರ ಅಕ್ಷರಕ್ಕೇ ಕಳೆದರೆ ಉಳಿಯುವುದೇನು?

ಸಿಯೋಲ್ ಬಿಟ್ಟು ಹೊರಗೆ

ಎಲ್ಲರೂ ಸಿಯೋಲ್ ಸಿಯೋಲ್ ಅನ್ನುತ್ತಾರೆ. ಮೆಟ್ರೊ, ಅರಮನೆ, ಮ್ಯೂಸಿಯಂ ಎಲ್ಲ ಅಲ್ಲೇ ಇದೆ, ನಿಜ. ಹನ್‌ಬೊಕ್ ಅನ್ನುವ ಸಾಂಪ್ರದಾಯಿಕ ಉಡುಪು ಉಟ್ಟು ಹೋದರೆ 1395ರಲ್ಲಿ ಕಟ್ಟಿದ ಗ್ಯೊಂಗ್‌ಬೊಕ್ ಅರಮನೆಗೆ ಟಿಕೆಟ್ ಬೇಡ. ಮಂಗಳವಾರ ಮಾತ್ರ ಬಾಗಿಲು ಹಾಕಿರುತ್ತದೆ. ಆದರೆ ಸಿಯೋಲ್‌ನ ಕಾಫಿ ಅಂಗಡಿಯಲ್ಲಿ ನೀವು ಒಂದು ಕ್ಷಣ ತಡವರಿಸಿದರೆ ಸಾಕು, ಎದುರಿನವರು ಇಂಗ್ಲಿಷ್‌ಗೆ ಬಂದುಬಿಡುತ್ತಾರೆ. ನಿಮ್ಮ ಮಧ್ಯಾಹ್ನ ಮತ್ತೆ ಇಂಗ್ಲಿಷ್ ಪಾಲು.

ದಕ್ಷಿಣದ ಬಂದರು ನಗರ ಬುಸಾನ್‌ನಲ್ಲಿ ಇದು ಕಡಿಮೆ. ಕೆಟಿಎಕ್ಸ್ ಅನ್ನುವ ವೇಗದ ರೈಲಿನಲ್ಲಿ ಸಿಯೋಲ್‌ನಿಂದ ಸುಮಾರು ಎರಡೂವರೆ ಗಂಟೆ. ಬುಸಾನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ಶಾಲೆಯೂ ಇದೆ, ಭಾಷಾ ಶಾಲೆಯೂ ಇದೆ. ಬಾಡಿಗೆ, ಊಟ ಸಿಯೋಲ್‌ಗಿಂತ ಹಗುರ. ಸಂಜೆ ಸಮುದ್ರ ಇದೆ. ತೊಡಕು ಅಂದರೆ ಅಲ್ಲಿನ ಮಾತು ಬೇರೆ. ಪುಸ್ತಕದಲ್ಲಿ "ಪಾಮ್ ಮೊಗೊಸ್ಸೊಯೊ?" ಅಂತ ಕಲಿತಿರುತ್ತೀರಿ. ಊಟ ಆಯ್ತಾ ಅಂತ ಅರ್ಥ. ಹೌದು, ಅವರೂ ನಮ್ಮ ಹಾಗೇ ಎದುರು ಸಿಕ್ಕವರನ್ನು ಊಟ ಆಯ್ತಾ ಅಂತಲೇ ಮಾತಾಡಿಸುವುದು. ಬುಸಾನ್‌ನಲ್ಲಿ ಅದೇ "ಪಾಮ್ ಮುನ್ನಾ?" ಆಗುತ್ತದೆ. ಮೈಸೂರಿನ ಕನ್ನಡ ಕಲಿತು ಧಾರವಾಡದಲ್ಲಿ ಇಳಿದವರಿಗೆ "ಊಟ ಆತೇನ್ರಿ" ಕೇಳಿಸಿದ ಹಾಗೆ. ಕ್ಲಾಸಿನಲ್ಲಿ ಕಲಿಸುವುದು ಶಿಷ್ಟ ಭಾಷೆಯನ್ನೇ, ಹಾಗಾಗಿ ನಿಮ್ಮ ಕಲಿಕೆಗೆ ಧಕ್ಕೆ ಇಲ್ಲ. ಕಿವಿಗೆ ಸ್ವಲ್ಪ ಜಾಸ್ತಿ ಕೆಲಸ ಅಷ್ಟೇ.

ಸಂಸ್ಕೃತಿಯೇ ಮುಖ್ಯ ಅನ್ನುವವರು ಜೊಂಜು ಕಡೆ ನೋಡಿ. ಹಂಚಿನ ಮನೆಗಳ ಹಳೇ ಕೇರಿ, ಅನ್ನ ತರಕಾರಿ ಕಲಸಿ ತಿನ್ನುವ ಬಿಬಿಂಬಾಪ್‌ಗೆ ಹೆಸರಾದ ಊರು, ಪಾನ್ಸೊರಿ ಹಾಡುಗಾರಿಕೆಯ ಸೀಮೆ. ಒಬ್ಬರು ಹಾಡುತ್ತಾ ಕಥೆ ಹೇಳುವುದು, ಇನ್ನೊಬ್ಬರು ಪಕ್ಕದಲ್ಲಿ ಕೂತು ಡೋಲು ಬಾರಿಸುತ್ತಾ ನಡುನಡುವೆ ಭಲೇ ಅನ್ನುವುದು. ಜೊನ್‌ಬುಕ್ ರಾಷ್ಟ್ರೀಯ ವಿಶ್ವವಿದ್ಯಾಲಯ ಈ ಊರಿನಲ್ಲೇ ಇದೆ.

ವಾಸ, ಊಟ

ಹಾಸ್ಟೆಲ್ ಸುರಕ್ಷಿತ, ಆದರೆ ಎಷ್ಟೋ ಕಡೆ ಅಡುಗೆಮನೆ ಇರುವುದಿಲ್ಲ, ರಾತ್ರಿ ಬಾಗಿಲು ಹಾಕುವ ಹೊತ್ತೂ ಇರುತ್ತದೆ. ಗೊಶಿವೊನ್ ಅಂದರೆ ಮಂಚ, ಮೇಜು ಹಿಡಿಸುವಷ್ಟು ಪುಟ್ಟ ಕೋಣೆ. ಬಾಡಿಗೆ ಕಡಿಮೆ. ಸಾಮಾನ್ಯವಾಗಿ ಅನ್ನ, ಕಿಮ್ಚಿ (ಹುಳಿ ಬರಿಸಿದ ಎಲೆಕೋಸಿನ ಉಪ್ಪಿನಕಾಯಿ) ಪುಕ್ಕಟೆ. ಕಿಟಕಿ ಇರುವ ಕೋಣೆಗೆ ಸ್ವಲ್ಪ ಜಾಸ್ತಿ ಕೊಡಬೇಕು, ಕೊಡಿ. ಜೂನ್ ಕೊನೆಯಿಂದ ಒಂದು ತಿಂಗಳು ಅಲ್ಲಿ "ಜಾಂಗ್ಮಾ" ಮಳೆ. ಮಂಗಳೂರಿನ ಮೇ ತಿಂಗಳ ಅಂಟು ಬೆವರಿಗೆ ಮಳೆ ಸೇರಿಸಿದರೆ ಹೇಗೋ ಹಾಗೆ. ಕಿಟಕಿ ಇಲ್ಲದ ಕೋಣೆಯಲ್ಲಿ ಬಟ್ಟೆ ಒಣಗುವುದಿಲ್ಲ. ನನಗೆ ಇಷ್ಟವಾದದ್ದು ಹಾಸುಕ್. ಮನೆಯವರು ಕೋಣೆ ಬಾಡಿಗೆಗೆ ಕೊಟ್ಟು ಊಟವನ್ನೂ ಹಾಕುತ್ತಾರೆ. ಈಗ ಕಡಿಮೆಯಾಗುತ್ತಿವೆ, ವಿಶ್ವವಿದ್ಯಾಲಯಗಳ ಸುತ್ತ ಹುಡುಕಿದರೆ ಸಿಗುತ್ತವೆ. ಊಟದ ಮೇಜಿನಲ್ಲಿ ಕಲಿತ ಮಾತು ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಗಟ್ಟಿ.

ಸಸ್ಯಾಹಾರಿಗಳಿಗೆ ಒಂದು ಮಾತು. "ಗೊಗಿ ಪ್ಪೆಗೊ ಜುಸೆಯೊ", ಮಾಂಸ ಬಿಟ್ಟು ಕೊಡಿ ಅಂತ ಕಲಿತು ಹೋಗಿದ್ದೆ. ಶಾಲೆ ಹತ್ತಿರದ ಪುಟ್ಟ ಅಂಗಡಿಯಲ್ಲಿ ಹಾಗೇ ಹೇಳಿ ಕಿಂಬಾಪ್ (ಕಡಲಕಳೆಯ ಹಾಳೆಯಲ್ಲಿ ಸುತ್ತಿದ ಅನ್ನ) ತೆಗೆದುಕೊಂಡೆ. ಬಿಚ್ಚಿ ನೋಡಿದರೆ ನಡುವೆ ಗುಲಾಬಿ ಬಣ್ಣದ ಹ್ಯಾಮ್ ಪಟ್ಟಿ. ಅಂಗಡಿಯಮ್ಮನ ಲೆಕ್ಕದಲ್ಲಿ ಗೊಗಿ ಅಂದರೆ ಮಾಂಸದ ತುಂಡು, ಹ್ಯಾಮ್ ಬೇರೆ. ಅವರಿಗೆ ಬೇಜಾರಾಯಿತು, ಹೊಸದೊಂದು ಸುತ್ತಿಕೊಟ್ಟರು. ಹ್ಯಾಮ್, ಮೊಟ್ಟೆ, ಮೀನಿನ ಪಟ್ಟಿ, ಒಂದೊಂದರ ಹೆಸರನ್ನೂ ಹೇಳಿ ಬಿಡಿಸಬೇಕು ಅಂತ ಅವತ್ತು ಗೊತ್ತಾಯಿತು. ಕಿಮ್ಚಿಗೂ ಸಾಮಾನ್ಯವಾಗಿ ಮೀನಿನ ರಸ ಅಥವಾ ಉಪ್ಪು ಸೀಗಡಿ ಬಿದ್ದಿರುತ್ತದೆ. ಸಾರಿಗೆ ಒಣಮೀನು ಕುದಿಸಿರುತ್ತಾರೆ. ಬೇಸಿಗೆಯಲ್ಲಿ ಮಾತ್ರ ಸಿಗುವ ಕೊಂಗ್‌ಗುಕ್ಸು ತಿಂದು ನೋಡಿ. ಸೋಯಾ ಕಾಳು ರುಬ್ಬಿದ ತಣ್ಣನೆ ಹಾಲಿನಲ್ಲಿ ನೂಡಲ್ಸ್, ಮೇಲೆ ಸೌತೆಕಾಯಿ. ಮೇಲೆ ಮೊಟ್ಟೆ ಇಡುವ ಕಡೆ ಬೇಡ ಅಂದರಾಯಿತು.

ಇಲ್ಲೇ ಕಲಿತು ಎರಡು ವಾರ ಹೋಗಿ ಬರುವುದು

ಇದೂ ಒಂದು ದಾರಿ. ಕೀಳಾಗಿ ಕಾಣಬೇಡಿ. ಸೆಜೊಂಗ್ ಹಾಕ್‌ತಾಂಗ್ ಅಂತ ಕೊರಿಯಾ ಸರ್ಕಾರದ ಬೆಂಬಲದ ಭಾಷಾ ಕೇಂದ್ರಗಳಿವೆ, ಅವರ ಆನ್‌ಲೈನ್ ಪಾಠಗಳೂ ಇವೆ. ಚೆನ್ನೈನ ಇಂಕೊ ಸೆಂಟರ್‌ನಲ್ಲೂ ಕೊರಿಯನ್ ಕಲಿಸುತ್ತಾರೆ. ಆರೇಳು ತಿಂಗಳು ಕಲಿತು, ಟೊಪಿಕ್ ಅನ್ನುವ ಕೊರಿಯನ್ ಭಾಷಾ ಪರೀಕ್ಷೆಯ ಮೊದಲ ಭಾಗ, ಟೊಪಿಕ್-1 ಬರೆದು (200ಕ್ಕೆ 80 ಬಂದರೆ ಒಂದನೇ ಹಂತ, 140 ಬಂದರೆ ಎರಡನೇ ಹಂತ), ಆಮೇಲೆ ಎರಡು ವಾರ ಅಲ್ಲಿ ಸುತ್ತಿದರೆ ಖರ್ಚೂ ಕಡಿಮೆ, ಮಾತೂ ಬರುತ್ತದೆ. ಅದರಲ್ಲಿ ಎರಡು ದಿನ ಟೆಂಪಲ್ ಸ್ಟೇಗೆ ಇಡಿ. 2002ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಶುರುವಾದ ಕಾರ್ಯಕ್ರಮ. ಬೌದ್ಧ ಮಠದಲ್ಲಿ ಉಳಿದು, ಬೆಳಗಿನ ಜಾವ ಎದ್ದು, 108 ನಮಸ್ಕಾರ ಹಾಕುವುದು. ಊಟ ಪೂರ್ತಿ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ನಾನು ಯಾರಿಗೆ ಏನು ಹೇಳುತ್ತೇನೆ

ಕ್ರೆಡಿಟ್ ಬೇಕು, ದೇಶ ದೇಶದ ಗೆಳೆಯರು ಬೇಕು, ಮನೆಯಿಂದ ಮೊದಲ ಸಲ ಹೊರಗೆ ಹೋಗುತ್ತಿದ್ದೀರಿ ಅಂದರೆ ಸಮ್ಮರ್ ಸ್ಕೂಲ್. ಎಲ್ಲ ವ್ಯವಸ್ಥೆ ಅವರೇ ನೋಡಿಕೊಳ್ಳುತ್ತಾರೆ, ಅಪ್ಪ ಅಮ್ಮನಿಗೂ ನೆಮ್ಮದಿ. ಭಾಷೆಯೇ ಬೇಕು ಅಂದರೆ ಮೂರೇ ವಾರವಾದರೂ ಸರಿ, ಒಹಾಕ್‌ತಾಂಗ್. ಎರಡೂ ಬೇಕು ಅನ್ನುವವರು ಸಮ್ಮರ್ ಸ್ಕೂಲಿನಲ್ಲಿ ಕೊರಿಯನ್ ವಿಷಯ ತೆಗೆದುಕೊಂಡು, ಹಾಸ್ಟೆಲ್ ಬದಲು ಹಾಸುಕ್‌ನಲ್ಲಿ ಉಳಿಯಿರಿ. ನನ್ನ ಮೊದಲ ಸಲ ನಾನು ಹಾಗೆ ಮಾಡಬೇಕಿತ್ತು.

ಅರ್ಜಿಯನ್ನು ಚಳಿಗಾಲ ಮುಗಿಯುತ್ತಿದ್ದಂತೆ ನೋಡಲು ಶುರು ಮಾಡಿ. ಭಾರತದವರಿಗೆ ವೀಸಾ ಬೇಕೇ ಬೇಕು. 90 ದಿನದೊಳಗಿನ ಕೋರ್ಸಿಗೆ ಸಾಮಾನ್ಯವಾಗಿ ಸಿ-3, ಅದಕ್ಕಿಂತ ಜಾಸ್ತಿ ದಿನದ ಭಾಷಾ ಕೋರ್ಸಿಗೆ ಡಿ-4. ಪ್ರವೇಶ ಪತ್ರ, ಬ್ಯಾಂಕ್ ಲೆಕ್ಕ ಎಲ್ಲ ಸೇರಿಸಲು ಸಮಯ ಹಿಡಿಯುತ್ತದೆ. ಫೋನಿನಲ್ಲಿ ನೇವರ್ ಮ್ಯಾಪ್ ಹಾಕಿಕೊಳ್ಳಿ, ಗೂಗಲ್ ಮ್ಯಾಪ್ ಅಲ್ಲಿ ನಡೆಯುವ ದಾರಿಗೆ ಅಷ್ಟು ನೆರವಾಗುವುದಿಲ್ಲ.

ತಂಗಿ ಬುಸಾನ್ ಅಂತ ನಿರ್ಧರಿಸಿದ್ದಾಳೆ, ಮೂರು ವಾರದ ಭಾಷಾ ಕೋರ್ಸ್. ಹಾಜರಾತಿ ಲೆಕ್ಕ ಹಾಕಿ ನೋಡಿದ್ದಾಳೆ, ಸಾಲುತ್ತದಂತೆ. ಈಗ ಕಾಲೇಜಿಗೆ ಹೋಗುವಾಗ ಸಿಟಿ ಬಸ್ಸಿನ ನಂಬರ್‌ಗಳನ್ನು ಎರಡೂ ಸೆಟ್ ಅಂಕಿಯಲ್ಲಿ ಓದುತ್ತಾ ಹೋಗುತ್ತಾಳೆ. ನಿನ್ನೆ ರಾತ್ರಿ ವಾಯ್ಸ್ ಮೆಸೇಜ್ ಕಳಿಸಿದ್ದಳು. "ಅಕ್ಕಾ, ಪಾಮ್ ಮುನ್ನಾ?"